ಬಲಕ್ಕೆ ನೂರ ನಲವತ್ತು

ಮಾರ್ಚ್ ೩

ರೀ,

ನಾನು ಇದ್ದೇನೆ, ನೀವೂ ಇದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಮಾಡಿದರೆ ನೀವು "ಊಟ ಆಯ್ತಾ" ಅನ್ನುತ್ತೀರಿ, ನಾನು "ಆಯ್ತು" ಅನ್ನುತ್ತೇನೆ, ಆಮೇಲೆ ಇಬ್ಬರೂ ಒಬ್ಬರ ಉಸಿರು ಒಬ್ಬರು ಕೇಳಿಸಿಕೊಳ್ಳುತ್ತಾ ಕೂರುತ್ತೇವೆ. ನೀವು ಆ ಕೆಲಸಕ್ಕೆ ಹೋದ ಎಂಟು ತಿಂಗಳಿಂದ ಇದೇ ಆಗಿದೆ. ಕಾಗದದಲ್ಲಿ ಆ ಉಸಿರಿನ ಕಾಟ ಇಲ್ಲ.

ವಿಷಯ ಏನೆಂದರೆ, ಕಡ್ಡಿಯ ರಿಮೋಟ್ ಕಾರನ್ನು ಕಪಾಟಿನಿಂದ ಕೆಳಗಿಳಿಸಿದೆ. ಮಗಳು ಹೋದ ಮೇಲೆ ಹನ್ನೊಂದು ತಿಂಗಳು ಅದನ್ನು ಮುಟ್ಟಿರಲಿಲ್ಲ. ಮುಟ್ಟಬೇಕು ಅಂತಲೂ ಇರಲಿಲ್ಲ. ಆದರೆ ಒಂದು ವಾರದಿಂದ ಮಧ್ಯಾಹ್ನ ಹೊಲಿಗೆ ಮೆಷಿನ್ ನಿಲ್ಲಿಸಿದಾಗಲೆಲ್ಲ ಆ ಕಪಾಟಿನ ಕಡೆಯಿಂದ ಸಣ್ಣಗೆ ಗುಂಯ್ ಅನ್ನುತ್ತದೆ. ಮೆಷಿನ್ ಓಡಿಸಿದರೆ ಇಲ್ಲ, ನಿಲ್ಲಿಸಿದರೆ ಇದೆ. ನನಗೆ ತಲೆ ಕೆಟ್ಟಿದೆ ಅಂತ ನೀವು ಅಂದುಕೊಂಡರೂ ಪರವಾಗಿಲ್ಲ, ಕೆಟ್ಟಿದ್ದರೆ ಕೆಡುವುದಕ್ಕೆ ಕಾರಣ ಇದೆ.

ಬ್ಯಾಟರಿ ಚಾರ್ಜ್ ಮಾಡಿ ಕಾರಿನ ಗುಂಡಿ ಒತ್ತಿದೆ. ರಿಮೋಟನ್ನು ಇನ್ನೂ ಕೈಗೇ ತಗೊಂಡಿರಲಿಲ್ಲ. ಮುಂದಿನ ಚಕ್ರ ಎರಡೂ ತಮ್ಮಷ್ಟಕ್ಕೆ ತಾವೇ ಬಲಕ್ಕೆ ತಿರುಗಿದವು, ಆಮೇಲೆ ಎಡಕ್ಕೆ, ಮತ್ತೆ ಬಲಕ್ಕೆ. ನಾನು ಕತ್ತರಿ ಕೆಳಗೆ ಹಾಕಿದೆ. ಧೈರ್ಯ ಮಾಡಿ ಓಡಿಸಿದರೆ ಎಡಕ್ಕೆ ಸಾಧು ಹಸುವಿನ ಹಾಗೆ ತಿರುಗುತ್ತದೆ. ಬಲಕ್ಕೆ ಮಾತ್ರ ಚೂರು ಮುಟ್ಟಿದರೂ ಚಂಗನೆ ಹಾರುತ್ತದೆ, ಪೂರ್ತಿ ತಿರುಗಿಸಿದರೆ ಅದೇ ಗುಂಯ್. ಯಾರೋ ಹಲ್ಲು ಕಚ್ಚಿಕೊಂಡು ಅಳು ತಡೆಯುವ ಹಾಗಿದೆ ಆ ಸದ್ದು. ಇದನ್ನು ಹೇಗೆ ಸರಿ ಮಾಡುವುದು, ಬರೆಯಿರಿ.

ನಿಮ್ಮವಳು


ಮಾರ್ಚ್ ೧೨

ಇವಳೇ,

ನಿನ್ನ ಕಾಗದ ನೋಡಿ ಮೊದಲು ಹೆದರಿದೆ. ಓದಿ ಮುಗಿಸಿದ ಮೇಲೆ ಸ್ವಲ್ಪ ನಗು ಬಂತು. ಬ್ಯಾಟರಿ ಇಲ್ಲದ ಕಾರು ಗುಂಯ್ ಅನ್ನುವುದಿಲ್ಲ. ದಿನವಿಡೀ ಮೆಷಿನ್ ಮುಂದೆ ಕೂತವರ ಕಿವಿಯಲ್ಲಿ ಮೋಟಾರು ಉಳಿದುಬಿಡುತ್ತದೆ. ನನಗೂ ಇಲ್ಲಿ ಭಾನುವಾರ ಜಲ್ಲಿ ಕ್ರಷರ್ ನಿಲ್ಲಿಸಿದರೂ ಕಲ್ಲು ಒಡೆಯುವುದು ಕೇಳುತ್ತಲೇ ಇರುತ್ತದೆ. ಮೂವತ್ತು ವರ್ಷ ಫಿಟ್ಟರ್ ಕೆಲಸ ಮಾಡಿದವನ ಮಾತು, ನಂಬು.

ಚಕ್ರ ತಾನೇ ತಿರುಗಿದ್ದಕ್ಕೂ ಭೂತ ಕಾರಣ ಅಲ್ಲ, ನೀನೇ ಕಾರಣ. ಯಾವಾಗಲೂ ರಿಮೋಟ್ ಮೊದಲು, ಕಾರು ಆಮೇಲೆ. ನಿಲ್ಲಿಸುವಾಗ ಕಾರು ಮೊದಲು, ರಿಮೋಟ್ ಆಮೇಲೆ. ರಿಮೋಟ್ ಇಲ್ಲದೆ ಎದ್ದ ಕಾರಿಗೆ ಅಪ್ಪಣೆ ಕೊಡುವವರು ಯಾರೂ ಇರುವುದಿಲ್ಲ, ಅದು ಅತ್ತಿತ್ತ ನೋಡುತ್ತದೆ.

ಈಗ ಕೆಲಸ. ಮುಂದಿನ ಚಕ್ರ ತಿರುಗಿಸುವುದು ಹೆಬ್ಬೆರಳಷ್ಟು ದೊಡ್ಡ ಒಂದು ಕಪ್ಪು ಪೆಟ್ಟಿಗೆ. ಅದಕ್ಕೆ ಸರ್ವೋ ಅನ್ನುತ್ತಾರೆ. ಅದು ಎಲ್ಲಿಯವರೆಗೆ ಹೋಗಬಹುದು ಅನ್ನುವುದನ್ನು ರಿಮೋಟಿನಲ್ಲಿ ಎರಡು ಸಂಖ್ಯೆ ಹೇಳುತ್ತವೆ, ಎಡಕ್ಕೊಂದು, ಬಲಕ್ಕೊಂದು. ಸಂಖ್ಯೆ ಕಮ್ಮಿಯಾದರೆ ಕಾರು ಪೂರ್ತಿ ತಿರುಗುವುದಿಲ್ಲ. ಜಾಸ್ತಿಯಾದರೆ ಚಕ್ರ ತನ್ನ ತಡೆಗೆ ತಾಗಿ ನಿಂತಮೇಲೂ ಸರ್ವೋ ತಳ್ಳುತ್ತಲೇ ಇರುತ್ತದೆ. ಆ ಗುಂಯ್ ಅದೇ. ಬಹಳ ಹೊತ್ತು ಹಾಗೆ ಬಿಟ್ಟರೆ ಬಿಸಿಯಾಗಿ ಸುಟ್ಟುಹೋಗುತ್ತದೆ.

ಕಾರನ್ನು ನಿನ್ನ ದಾರದ ಡಬ್ಬಿಯ ಮೇಲೆ ಇಡು, ಚಕ್ರ ನಾಲ್ಕೂ ಗಾಳಿಯಲ್ಲಿರಲಿ. ಕೈಯಿಂದ ತಿರುಗಿಸುವ ರಿಮೋಟಿನ ಚಕ್ರ ಬಿಟ್ಟಾಗ ಮುಂದಿನ ಗಾಲಿ ನೇರ ಇದೆಯೇ ನೋಡು. ಆಮೇಲೆ ರಿಮೋಟಿನ ಚಕ್ರ ಪೂರ್ತಿ ಎಡಕ್ಕೆ ಹಿಡಿದು ಸಂಖ್ಯೆಯನ್ನು ಒಂದೊಂದಾಗಿ ಏರಿಸು. ಗುಂಯ್ ಶುರುವಾದ ಕೂಡಲೇ ಎರಡು ಇಳಿಸು. ಸೊಂಟದ ಅಳತೆ ತೆಗೆಯುವಾಗ ಪಟ್ಟಿಯೊಳಗೆ ಒಂದು ಬೆರಳು ಇಟ್ಟುಕೊಳ್ಳುತ್ತೀಯಲ್ಲ, ಹಾಗೆ. ಕಾರಿನ ಮೇಲಿನ ಕವಚ ತೆಗೆಯುವುದು ಬೇಕಿಲ್ಲ, ಮುಂದಿನಿಂದ ಬಗ್ಗಿ ನೋಡಿದರೆ ಸಾಕು.

ಎಡದ್ದು ಇಷ್ಟೇ. ಬಲದ್ದನ್ನು ಮುಟ್ಟಬೇಡ, ಅದು ಇರುವ ಹಾಗೇ ಇರಲಿ. ಪೂರ್ತಿ ತಿರುಗಿಸದಿದ್ದರೆ ಆಯಿತು.

ನಿನ್ನವನು


ಮಾರ್ಚ್ ೨೧

ರೀ,

ಒಂದು ವರ್ಷದಿಂದ ನನ್ನ ಜೊತೆ ಇಷ್ಟು ಮಾತಾಡಿರಲಿಲ್ಲ ನೀವು. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ನನಗೂ ಕೆಲಸ ಕಮ್ಮಿ ಇತ್ತು, ಕೂತು ಮಾಡಿದೆ. ಎಡಕ್ಕೆ ತೊಂಬತ್ತೊಂದು ಬಂತು. ತೊಂಬತ್ತಮೂರಕ್ಕೆ ಗುಂಯ್ ಅಂದಿತು, ಎರಡು ಇಳಿಸಿದೆ. ಒಂದು ಕೆಲಸ ಸರಿಯಾಗಿ ಮಾಡಿದೆ ಅನ್ನಿಸಿ ಟೀ ಕುಡಿದೆ.

ಪಕ್ಕದಲ್ಲೇ ಬಲದ ಸಂಖ್ಯೆಯೂ ಇತ್ತು, ಕಣ್ಣಿಗೆ ಬಿತ್ತು. ನೂರ ನಲವತ್ತು. ಎಡಕ್ಕೆ ತೊಂಬತ್ತೊಂದು ಸಾಕಾದ ಕಾರಿಗೆ ಬಲಕ್ಕೆ ನೂರ ನಲವತ್ತು ಯಾಕೆ? ಒಂದು ತೋಳು ಒಂದು ಗೇಣು ಉದ್ದ ಹೊಲಿದಿಟ್ಟು "ಮುಟ್ಟಬೇಡ, ಇರಲಿ" ಅಂದರೆ ಯಾವ ಗಿರಾಕಿ ಒಪ್ಪುತ್ತಾನೆ?

ಇನ್ನೊಂದು. ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ನೋಡಿದೆ. ಪೂರ್ತಿ ತಿರುಗಿಸಬೇಡ ಅಂದಿರಲ್ಲ, ಅದಕ್ಕೆ ರಿಮೋಟಿನ ಚಕ್ರವನ್ನು ಬಲಗೈಯ ಎರಡೇ ಬೆರಳಲ್ಲಿ, ಬಿಗಿ ಇಲ್ಲದೆ, ಅರ್ಧಕ್ಕೆ ತಳ್ಳಿ ನೋಡಿದೆ. ಕಾರು ಮೇಜಿನ ಕಾಲು ಸುತ್ತಿ ಬಂದ ರೀತಿ ನೋಡಿ ನಾನು ಎದ್ದು ನಿಂತೆ. ಅವಳು ಓಡಿಸುತ್ತಿದ್ದದ್ದು ಹಾಗೇ. ಅದೇ ಸುತ್ತು, ಹಿಂದಿನ ಭಾಗ ಅದೇ ಥರ ಒಂದು ಚೂರು ಜಾರಿ ಗೋಡೆಗೆ ತಾಗದೆ ನಿಲ್ಲುವುದು. ನನಗೆ ಕಾರು ಓಡಿಸುವುದಕ್ಕೇ ಬರುವುದಿಲ್ಲ ರೀ. ನಾನು ಗಟ್ಟಿ ಹಿಡಿದರೆ ಕಾರು ಕುಡಿದವರ ಹಾಗೆ ಹೋಗುತ್ತದೆ. ಕೈ ಸೋತವರ ಹಾಗೆ ಹಿಡಿದರೆ ಅವಳ ಹಾಗೆ ಹೋಗುತ್ತದೆ. ಮತ್ತೆ ಮತ್ತೆ ಮಾಡಿದೆ. ಪ್ರತಿ ಸಲವೂ ಅವಳೇ ಬಂದಳು. ಆ ದಿನ ಹೊಲಿಗೆ ಆಗಲಿಲ್ಲ.

ಆ ಡಾಕ್ಟರು ಹೇಳಿದ್ದು ನಿಮಗೂ ನೆನಪಿರಬೇಕು. ತಲೆಯೊಳಗಿನ ಗಡ್ಡೆಯ ಚಿತ್ರವನ್ನು ದೀಪಕ್ಕೆ ಹಿಡಿದು, "ಆರು ತಿಂಗಳು ಮುಂಚೆ ಬಂದಿದ್ರೆ ತೆಗೀಬಹುದಿತ್ತು. ಬಲಗೈ ಸೋಲ್ತಿದ್ದದ್ದು ಮನೇಲಿ ಯಾರೂ ಗಮನಿಸಲಿಲ್ವಾ?" ಅಂದರಲ್ಲ. ಇಲ್ಲ ಅಂದೆವು ಇಬ್ಬರೂ. ನನಗೆ ಬೆಳಗಾದರೆ ಆ ಮಾತು, ಸಂಜೆಯಾದರೆ ಆ ಮಾತು. ಅದಕ್ಕೇ ಕೇಳುತ್ತಿದ್ದೇನೆ. ನೂರ ನಲವತ್ತು ಯಾಕೆ?

ನಿಮ್ಮವಳು


ಏಪ್ರಿಲ್ ೨

ಇವಳೇ,

ಇಲ್ಲಿ ಬಿಸಿಲು ಜೋರು. ಎರಡನೇ ಕ್ರಷರಿನ ಬೇರಿಂಗ್ ಹೋಗಿ ನಾಲ್ಕು ದಿನದಿಂದ ಬಿಡುವಿಲ್ಲ.

ಸರ್ವೋದ ಮೇಲೆ ಚಕ್ರ ತಳ್ಳುವ ಪ್ಲಾಸ್ಟಿಕ್ ಕೈ ಸವೆದಿತ್ತು, ಅದಕ್ಕೆ ಬಲದ ಸಂಖ್ಯೆ ಏರಿಸಿದ್ದೆ ಅನ್ನಿಸುತ್ತದೆ. ಸರಿಯಾಗಿ ನೆನಪಿಲ್ಲ. ಕಾರನ್ನು ಮತ್ತೆ ಕಪಾಟಿನ ಮೇಲೆ ಇಟ್ಟುಬಿಡು. ಓಡಿಸಿ ಮನಸ್ಸು ಕೆಡಿಸಿಕೊಳ್ಳಬೇಡ. ಮೇಲಿನ ಕವಚದ ಪಿನ್ನುಗಳು ಸಡಿಲವಾಗಿವೆ, ಅದನ್ನು ತೆಗೆಯಲು ಹೋಗಬೇಡ.

ಊಟ ಸರಿಯಾಗಿ ಮಾಡು.

ನಾನು


ಏಪ್ರಿಲ್ ೯

ನಿಮಗೆ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕವಚದ ವಿಷಯ ನಾನು ಎತ್ತಿರಲೇ ಇಲ್ಲ. ಎರಡು ಕಾಗದದಲ್ಲಿ ಎರಡು ಸಲ ತೆಗೆಯಬೇಡ ಅಂದಿರಿ. ತೆಗೆದೆ. ಪಿನ್ನು ನಾಲ್ಕೂ ಬಿಗಿಯಾಗಿಯೇ ಇದ್ದವು. ಸರ್ವೋದ ಪ್ಲಾಸ್ಟಿಕ್ ಕೈಯೂ ಸವೆದಿಲ್ಲ, ಹೊಸದರ ಹಾಗಿದೆ.

ಯಾವ ಯಂತ್ರ ಮುಟ್ಟಿದರೂ ತಾರೀಕು ಹಾಕಿ, ಏನು ಬದಲಿಸಿದೆ ಅಂತ ಕಾಗದದ ಟೇಪಿನ ಮೇಲೆ ಬರೆದು ಅಲ್ಲೇ ಅಂಟಿಸುವುದು ನಿಮ್ಮ ಚಟ. ನಮ್ಮ ಫ್ಯಾನಿನ ಮೇಲೂ ಇದೆ, ಮಿಕ್ಸಿಯ ಅಡಿಯಲ್ಲೂ ಇದೆ. ಕಡ್ಡಿಯ ಕಾರಿನ ಕವಚದೊಳಗೆ ಟೇಪು ದಪ್ಪಗಿತ್ತು. ಬ್ಲೇಡಿನ ತುದಿಯಿಂದ ಒಂದೊಂದಾಗಿ ಬಿಡಿಸಿದೆ. ಹೊಲಿಗೆ ಬಿಚ್ಚುವವಳ ಕೈ, ಒಂದೂ ಹರಿಯಲಿಲ್ಲ.

ಮೇಲಿನದು ಡಿಸೆಂಬರ್, ಬಲ ೧೪೦. ಅದರಡಿ ಅಕ್ಟೋಬರ್, ೧೩೧. ಆಗಸ್ಟ್, ೧೨೦. ಮೇ, ೧೧೨. ಫೆಬ್ರವರಿ, ೧೦೫. ಎಲ್ಲಕ್ಕಿಂತ ಅಡಿಯಲ್ಲಿ ಅದರ ಹಿಂದಿನ ವರ್ಷದ ನವೆಂಬರ್, ಬಲ ೯೦ ಇದ್ದದ್ದು ೯೮. ಎಡ ಒಂದು ಸಲವೂ ಬದಲಾಗಿಲ್ಲ.

ನಾವು ಡಾಕ್ಟರ ಹತ್ತಿರ ಹೋದದ್ದು ಜನವರಿಯಲ್ಲಿ. ಆ ನವೆಂಬರಿನಿಂದ ಎಣಿಸಿದರೆ ಹದಿನಾಲ್ಕು ತಿಂಗಳು. ಅವರು ಕೇಳಿದ್ದು ಆರೇ ತಿಂಗಳು.

ಅವಳ ಕೈಗೆ ಆಗದೇ ಹೋದಷ್ಟನ್ನು ಕಾರಿಗೆ ಸೇರಿಸುತ್ತಾ ಬಂದಿರಿ. ನಾನು ಕೈ ಸಡಿಲ ಮಾಡಿದರೆ ಅವಳು ಬರುವುದು ಅದಕ್ಕೇ. ಅವಳ ಸೋತ ಕೈಯ ಅಳತೆ ಆ ಯಂತ್ರದಲ್ಲಿದೆ. ತೆಗೆದವರು ನೀವು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆಯುವುದಾದರೆ ಬರೆಯಲೇಬೇಡಿ. ನಿಮಗೆ ಗೊತ್ತಿತ್ತೋ ಇಲ್ಲವೋ?


ಏಪ್ರಿಲ್ ೨೦

ಇವಳೇ,

ಹೇಳುತ್ತೇನೆ.

ಆ ನವೆಂಬರಿನ ಒಂದು ಭಾನುವಾರ, ಶಾಲೆಯ ಹಿಂದಿನ ಸಿಮೆಂಟ್ ಅಂಗಳದಲ್ಲಿ ಓಡಿಸುತ್ತಿದ್ದಳು. ಬಲ ತಿರುವಿನಲ್ಲಿ ಕಾರು ಮೂರು ಸಲ ಗೋಡೆಗೆ ಹೋಯಿತು. "ಅಪ್ಪ, ಬಲಕ್ಕೆ ಸಾಲ್ತಿಲ್ಲ. ಇನ್ನೂ ಸ್ವಲ್ಪ ಕೊಡು" ಅಂದಳು. ರಿಮೋಟ್ ತಗೊಂಡು ನಾನು ತಿರುಗಿಸಿ ನೋಡಿದೆ. ನನ್ನ ಕೈಗೆ ತೊಂಬತ್ತು ಸಾಲುತ್ತಿತ್ತು. ಸಾಲುತ್ತಿದೆ ಅನ್ನುವುದು ನನಗೆ ಗೊತ್ತಾಯಿತು. ಆದರೂ ತೊಂಬತ್ತೆಂಟು ಕೊಟ್ಟೆ. ಕಾರು ತಿರುಗಿತು. ಅವಳು ಕುಣಿದಳು. ನನಗೂ ಖುಷಿಯಾಯಿತು.

ನನ್ನ ಕೆಲಸದ ರೀತಿಯೇ ಅದು. ಯಾವುದು ಸಾಲದಿದ್ದರೂ ಯಂತ್ರವನ್ನೇ ಬಿಚ್ಚುತ್ತೇನೆ. ಕೈ ಸೋತಿದೆಯೇನೋ ಅಂತ ಕೇಳುವ ಅಭ್ಯಾಸವೇ ಇಲ್ಲ. ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಅವಳು ಬಂದು ನಿಲ್ಲುವಳು, ನಾನು ಏರಿಸುವೆ. ಅಕ್ಟೋಬರಿನ ಹೊತ್ತಿಗೆ ಬೆರಳು ಬಿಟ್ಟು ಅಂಗೈಯ ಬುಡದಿಂದ ತಳ್ಳುತ್ತಿದ್ದಳು. ನೋಡಲಿಲ್ಲ ಅಂದರೆ ಸುಳ್ಳಾಗುತ್ತದೆ. ನೋಡಿದೆ, ಮನೆಗೆ ಬಂದು ಸಂಖ್ಯೆ ಏರಿಸಿದೆ, ಟೇಪ್ ಅಂಟಿಸಿದೆ.

ಆ ರಿಮೋಟಿನಲ್ಲಿ ನೂರ ನಲವತ್ತಕ್ಕಿಂತ ಮೇಲೆ ಇಲ್ಲ. ಡಿಸೆಂಬರಿನಲ್ಲಿ ಗುಂಡಿ ಒತ್ತಿದೆ, ಸಂಖ್ಯೆ ಏರಲಿಲ್ಲ. ಮತ್ತೆ ಒತ್ತಿದೆ. ಅವಳು ಪಕ್ಕದಲ್ಲಿ ನಿಂತು, "ಮುಗೀತಾ ಅಪ್ಪ?" ಅಂದಳು. ಆಗ ಮೊದಲ ಸಲ ಭಯವಾಯಿತು. ಆಗಲೂ ನಿನಗೆ ಹೇಳಲಿಲ್ಲ. ಪರೀಕ್ಷೆ ಮುಗಿಯಲಿ ಅಂದುಕೊಂಡೆ. ಜನವರಿಯಲ್ಲಿ ಅವಳ ಕೈಯಿಂದ ಲೋಟ ಜಾರಿ ಬಿತ್ತು, ನೀನೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಯಾರೂ ಗಮನಿಸಲಿಲ್ಲವಾ ಅಂತ ಅವರು ಕೇಳಿದಾಗ ಗೊತ್ತಿದ್ದೂ ಇಲ್ಲ ಅಂದವನು ನಾನು.

ಇರುವುದು ಇಷ್ಟೇ. ತಪ್ಪು ನನ್ನದು, ನನ್ನೊಬ್ಬನದು. ಕ್ಷಮಿಸು ಅಂತ ಕೇಳುವುದಿಲ್ಲ. ಬಲದ ಸಂಖ್ಯೆ ಇಳಿಸಿಬಿಡು, ಇಲ್ಲದಿದ್ದರೆ ಸರ್ವೋ ಸುಡುತ್ತದೆ. ಇಳಿಸಲು ಮನಸ್ಸು ಬಾರದಿದ್ದರೆ ಹಾಗೇ ಬಿಡು.


ಮೇ ೧೫

ಇವಳೇ,

ಕಾಗದ ಸಿಕ್ಕಿತೇ? ಬೈದಾದರೂ ಬರೆ. ಅಂಚೆಯವನು ಗೇಟಿನ ಹತ್ತಿರ ಬಂದಾಗ ನಾನು ಸುಮ್ಮನೆ ಏನೋ ಒರೆಸುತ್ತಾ ನಿಲ್ಲುತ್ತೇನೆ. ಇಲ್ಲಿನವರು ನಗುತ್ತಾರೆ, ಈ ವಯಸ್ಸಿನಲ್ಲಿ ಯಾರ ಕಾಗದಕ್ಕೆ ಕಾಯ್ತಿದ್ದೀರಿ ಅಂತ.

ಮೊನ್ನೆ ಊಟದ ಹೊತ್ತಿನಲ್ಲಿ ಕ್ರಷರ್ ನಿಂತಾಗ ಕೇಳಿತು. ಕಲ್ಲು ಒಡೆಯುವುದಲ್ಲ, ನೀನು ಮೊದಲ ಕಾಗದದಲ್ಲಿ ಬರೆದಿದ್ದೆಯಲ್ಲ, ಆ ಗುಂಯ್. ಕೋಣೆಯಲ್ಲಿ ಒಂದು ಕಬ್ಬಿಣದ ಮಂಚ, ಒಂದು ಬಕೆಟ್ಟು, ನನ್ನ ಪೆಟ್ಟಿಗೆ ಬಿಟ್ಟರೆ ಏನೂ ಇಲ್ಲ. ಎಲ್ಲ ಎತ್ತಿ ನೋಡಿದೆ. ನಿನ್ನ ಕಿವಿಯನ್ನು ಆಡಿಕೊಂಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ನಾನು


ಜೂನ್ ೧೮

ರೀ,

ಎರಡು ತಿಂಗಳು ಸುಮ್ಮನಿದ್ದೆ. ಸಿಟ್ಟಿನಿಂದ ಅಂತ ನೀವು ಅಂದುಕೊಂಡಿರುತ್ತೀರಿ. ಮೊದಲ ವಾರ ಸಿಟ್ಟೇ ಇತ್ತು. ನಿಮ್ಮ ಕಾಗದವನ್ನು ಗಿರಾಕಿಗಳ ಬಟ್ಟೆಯಡಿ ಇಟ್ಟು ದಿನಾ ತೆಗೆದು ಓದಿ ಬೈಯುತ್ತಿದ್ದೆ. ಬೈಯುವುದು ಎಷ್ಟು ಹಿತವಾಗಿತ್ತು ಅಂದರೆ, ಅನ್ನ ರುಚಿಸಲು ಶುರುವಾಯಿತು, ನಿದ್ದೆಯೂ ಬಂತು. ಇದು ಯಾಕೆ ಹೀಗೆ ಅಂತ ನನ್ನನ್ನೇ ಕೇಳಿಕೊಂಡೆ.

ಆಮೇಲೆ ಅಳತೆ ಪುಸ್ತಕ ತೆಗೆದೆ. ನಿಮ್ಮದು ಟೇಪ್, ನನ್ನದು ಪುಸ್ತಕ. ಕಡ್ಡಿಯ ಹೆಸರಿನ ಪುಟ ತೆರೆದು ತಾರೀಕು ನೋಡಿದೆ. ಅಲ್ಲಿ ಏನಿದೆ ಅನ್ನುವುದು ತೆಗೆಯುವ ಮುಂಚೆಯೇ ನನಗೆ ಗೊತ್ತಿತ್ತು.

ನಿಮ್ಮ ಮೊದಲ ಟೇಪಿಗಿಂತ ಎರಡು ತಿಂಗಳು ಮುಂಚೆ, ಸೆಪ್ಟೆಂಬರಿನಲ್ಲಿ, ನನ್ನ ಕೈಬರಹದಲ್ಲಿ ಇದೆ: ಶಾಲೆಯ ಅಂಗಿ ಮೂರು, ಗುಂಡಿ ತೆಗೆದು ಟಿಚ್ ಬಟನ್. ಬೆಳಿಗ್ಗೆ ಐದು ಗುಂಡಿ ಹಾಕಿಕೊಳ್ಳಲು ಕಾಲು ಗಂಟೆ ತಗೊಳ್ಳುತ್ತಿದ್ದಳು. ಬಲಗೈ ಬೆರಳು ಗುಂಡಿಯನ್ನು ಹಿಡಿಯುತ್ತಿರಲಿಲ್ಲ, ಜಾರುತ್ತಿತ್ತು. ಶಾಲೆ ತಪ್ಪಿಸಲು ಆಟ ಆಡುತ್ತಿದ್ದಾಳೆ ಅಂದುಕೊಂಡೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂತ ಅಂದೆ. ಒಂದು ದಿನ ಅಳತೆಕೋಲಿನಿಂದ ಆ ಕೈಯ ಮೇಲೆ ಹೊಡೆದೆ ರೀ. ಆ ಕೈಯ ಮೇಲೆಯೇ. ಅವಳು ಅಳಲಿಲ್ಲ, ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆವತ್ತು ಮಧ್ಯಾಹ್ನ ಕೂತು ಹದಿನೈದು ಟಿಚ್ ಬಟನ್ ಹೊಲಿದೆ, ಒತ್ತಿದರೆ ಸಾಕು, ಕೂತುಕೊಳ್ಳುತ್ತವೆ. ಮಾರನೆಯ ದಿನ ಎರಡು ನಿಮಿಷದಲ್ಲಿ ತಯಾರಾಗಿ, "ಅಮ್ಮ, ಎಷ್ಟು ಸುಲಭ" ಅಂದಳು. ನನಗೂ ಖುಷಿಯಾಯಿತು. ನಿಮ್ಮ ಕಾಗದದಲ್ಲಿ ಇದೇ ಮಾತನ್ನು ನೀವು ಬರೆದಿದ್ದೀರಿ.

ಪುಸ್ತಕದಲ್ಲಿ ಇನ್ನೂ ಇದೆ. ಲಂಗಕ್ಕೆ ಲಾಡಿ ಬದಲು ಎಲಾಸ್ಟಿಕ್. ಚೀಲದ ಬಕಲ್ ತೆಗೆದು ಒತ್ತಿದರೆ ಅಂಟುವ ಪಟ್ಟಿ. ಎಲ್ಲಕ್ಕೂ ತಾರೀಕು ಇದೆ, ಎಲ್ಲವೂ ಬಲಗೈಗಾಗಿ ಮಾಡಿದ್ದು. ಡಾಕ್ಟರ ಮುಂದೆ ಇಲ್ಲ ಅಂದಾಗ ನಾನು ಇವೆಲ್ಲವನ್ನೂ ಮರೆತಿದ್ದೆ ಅಂದರೆ ನಂಬುತ್ತೀರಾ? ಮರೆತಿದ್ದೆ. ಅವಳು ಹೋದ ಹತ್ತನೇ ದಿನ, ಅವಳ ಅಂಗಿ ಮಡಚುವಾಗ ಒಂದು ಟಿಚ್ ಬಟನ್ ಬೆರಳಿಗೆ ತಾಗಿತು. ಅವತ್ತಿನಿಂದ ಮರೆತಿಲ್ಲ.

ತಮ್ಮ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಓಡಿಸಿದರಂತೆ. ಅದನ್ನೇ ನಾನು ಮಾಡಿದ್ದು. ನೀವು ತಪ್ಪು ನನ್ನೊಬ್ಬನದು ಅಂತ ಬರೆದುಬಿಟ್ಟಿದ್ದೀರಿ. ಪುಸ್ತಕ ಮುಚ್ಚಿ ಸುಮ್ಮನಿದ್ದರೆ ಸಾಯುವವರೆಗೂ ಅದು ನಿಮ್ಮೊಬ್ಬರದೇ ಆಗಿ ಉಳಿಯುತ್ತಿತ್ತು. ಈ ಎರಡು ತಿಂಗಳು ನಾನು ಯೋಚಿಸಿದ್ದು ಅದನ್ನೇ, ಹಾಗೆ ಉಳಿದರೆ ನನಗೆ ಎಷ್ಟು ಹಗುರ ಅಂತ. ಇಂಥವಳು ನಿಮ್ಮ ಹೆಂಡತಿ. ಈಗ ನೀವು ಬರೆಯದಿದ್ದರೂ ನನಗೆ ಕೇಳುವ ಬಾಯಿಲ್ಲ.


ಜೂನ್ ೨೬

ಇವಳೇ,

ನನಗೆ ಗೊತ್ತಿತ್ತು.

ಆ ಸೆಪ್ಟೆಂಬರಿನಲ್ಲಿ ಒಣಗಿದ ಬಟ್ಟೆ ತೆಗೆಯುವಾಗ ಮೂರು ಅಂಗಿಗೂ ಹೊಸ ಟಿಚ್ ಬಟನ್ ನೋಡಿದೆ. ಹನ್ನೊಂದು ವರ್ಷದ ಹುಡುಗಿಗೆ ಯಾಕೆ ಇದು ಅಂತ ಅವಳನ್ನೇ ಕೇಳಿದೆ. "ಗುಂಡಿ ಹಾಕಕ್ಕೆ ಆಗಲ್ಲಪ್ಪ, ಅಮ್ಮಂಗೆ ಗೊತ್ತು" ಅಂದಳು. ಅಮ್ಮನಿಗೆ ಗೊತ್ತು ಅಂದಮೇಲೆ ದೊಡ್ಡದೇನೂ ಇರಲಿಕ್ಕಿಲ್ಲ, ಇದ್ದರೆ ನೀನೇ ಹೇಳುತ್ತೀಯ ಅಂದುಕೊಂಡೆ. ನವೆಂಬರಿನಲ್ಲಿ ತೊಂಬತ್ತೆಂಟು ಕೊಡುವಾಗಲೂ ನನ್ನ ಧೈರ್ಯ ಅದೇ ಆಗಿತ್ತು. ಏಪ್ರಿಲಿನ ಕಾಗದದಲ್ಲಿ ಇರುವುದು ಇಷ್ಟೇ ಅಂತ ಬರೆದೆನಲ್ಲ, ಇದೊಂದನ್ನು ಬಿಟ್ಟಿದ್ದೆ.

ನಾನು ಮನೆ ಬಿಟ್ಟು ಇಲ್ಲಿಗೆ ಬಂದದ್ದು ಕೆಲಸಕ್ಕಲ್ಲ. ಅವಳು ಹೋದ ಮೇಲೆ ನಾವು ಸಣ್ಣದಕ್ಕೂ ಜಗಳ ಆಡುತ್ತಿದ್ದೆವು. ಒಂದು ದಿನ ನೀನು ಉಪ್ಪಿನ ವಿಷಯಕ್ಕೆ ಏನೋ ಅಂದೆ. ಟಿಚ್ ಬಟನ್ ಅನ್ನುವ ಮಾತು ನನ್ನ ನಾಲಿಗೆ ತುದಿಗೆ ಬಂತು. ಅದನ್ನು ನುಂಗಿಕೊಂಡು ಹೊರಗೆ ಹೋದೆ, ಮೂರು ದಿನದಲ್ಲಿ ಈ ಕೆಲಸ ಹುಡುಕಿಕೊಂಡೆ. ಒಂದು ಸಲ ಅದು ನನ್ನ ಬಾಯಿಂದ ಬಂದಿದ್ದರೆ ನೀನು ಉಳಿಯುತ್ತಿರಲಿಲ್ಲ ಅನ್ನಿಸಿತು. ಫೋನಿನಲ್ಲಿ ನಾನು ಮಾತಾಡದೆ ಕೂರುತ್ತಿದ್ದದ್ದೂ ಆ ಭಯಕ್ಕೇ. ಈಗ ನೀನೇ ಬರೆದಿದ್ದೀಯ. ನಾನು ಇಲ್ಲಿ ಇರಲು ಇನ್ನು ಕಾರಣವಿಲ್ಲ. ಲೆಕ್ಕ ಚುಕ್ತಾ ಮಾಡಿ ಅಂತ ಮೇಸ್ತ್ರಿಗೆ ಹೇಳಿದ್ದೇನೆ, ಭಾನುವಾರದ ಮೊದಲ ಬಸ್ಸಿಗೆ ಬರುತ್ತೇನೆ.

ಒಂದೇ ಒಂದು ವಿಷಯ ನನ್ನನ್ನು ಬಿಡುತ್ತಿಲ್ಲ. ಅದನ್ನು ಮುಖ ನೋಡಿ ಹೇಳಲು ಆಗುವುದಿಲ್ಲ, ಇಲ್ಲೇ ಬರೆದುಬಿಡುತ್ತೇನೆ. ತನ್ನ ಕೈಗೆ ಏನೋ ಆಗುತ್ತಿದೆ ಅಂತ ಅವಳಿಗೆ ಗೊತ್ತಿತ್ತು. ನಿನ್ನ ಹತ್ತಿರ ಬಂದಳು, ನೀನು ಬಟನ್ ಬದಲಿಸಿಕೊಟ್ಟೆ. ನನ್ನ ಹತ್ತಿರ ಬಂದಳು, ನಾನು ಸಂಖ್ಯೆ ಏರಿಸಿಕೊಟ್ಟೆ. ಅಪ್ಪನೂ ನೋಡಿದ್ದಾರೆ, ಅಮ್ಮನೂ ನೋಡಿದ್ದಾಳೆ, ಇಬ್ಬರೂ ಸುಮ್ಮನಿದ್ದಾರೆ, ಹಾಗಾದರೆ ಹೆದರುವಂಥದ್ದು ಏನೂ ಇಲ್ಲ ಅಂದುಕೊಂಡೇ ಅವಳು ಆ ಹದಿನಾರು ತಿಂಗಳು ನಗುತ್ತಾ ಓಡಾಡಿಕೊಂಡಿದ್ದಳು.

ನಾನು